ಪದ ಬೇಕು: ಮಡಚುವ ಚಾಕುವಿನ ಪಿವಟ್, ಲಾಕ್‌ಬ್ಯಾಕ್ (ನಾಳೆ ಬೆಳಿಗ್ಗೆ ಅಚ್ಚಿಗೆ)

ಚಿಕ್ಕಬಳ್ಳಾಪುರದಿಂದ:

ಬಲ್ಲವರಿಗೆ ನಮಸ್ಕಾರ.

ನಮ್ಮ ಭಾವನವರ ಕೃಷಿ ಉಪಕರಣಗಳ ಅಂಗಡಿಯಲ್ಲಿ ಮಡಚುವ ಚಾಕುಗಳನ್ನು ಮಾರುತ್ತಾರೆ. ದ್ರಾಕ್ಷಿ ಗೊನೆ ಕತ್ತರಿಸುವವರು, ಗುಲಾಬಿ ಕಡ್ಡಿ ಸವರುವವರು, ಮಾವಿಗೆ ಕಸಿ ಕಟ್ಟುವವರು ಕೊಳ್ಳುತ್ತಾರೆ. ಅದರ ಜೊತೆ ಕೊಡುವ ಒಂದು ಪುಟದ ಸೂಚನೆಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂದಿದೆ. ನಾಳೆ ಹನ್ನೊಂದು ಗಂಟೆಗೆ ಅಚ್ಚಿಗೆ ಹೋಗಬೇಕು.

ವಸ್ತು ಹೀಗಿದೆ. ಹಿಡಿಯ ಬೆನ್ನಿನಲ್ಲಿ ಉದ್ದಕ್ಕೆ ಒಂದು ಉಕ್ಕಿನ ಪಟ್ಟಿ ಮಲಗಿದೆ. ಅಲಗನ್ನು ಪೂರ್ತಿ ತೆರೆದಾಗ ಪಟ್ಟಿಯ ಮುಂತುದಿಯ ಕೊಕ್ಕೆ ಅಲಗಿನ ಬುಡದ ಕಚ್ಚಿನೊಳಗೆ ಬಿದ್ದು ಕೂರುತ್ತದೆ. ಪಟ್ಟಿ ತನ್ನದೇ ಪಿನ್ನಿನ ಮೇಲೆ ಏತದ ಹಾಗೆ ಆಡುತ್ತದೆ. ಹಿಂತುದಿಯ ಕೆಳಗೆ ಸ್ಪ್ರಿಂಗ್ ಇದೆ. ಬೆನ್ನನ್ನು ಒತ್ತಿದರೆ ಕೊಕ್ಕೆ ಮೇಲೇಳುತ್ತದೆ, ಅಲಗನ್ನು ಮಡಚಬಹುದು. ಇದು ಲಾಕ್‌ಬ್ಯಾಕ್. ಅಲಗು ಯಾವುದರ ಸುತ್ತ ತಿರುಗುತ್ತದೆಯೋ ಅದು ಪಿವಟ್.

ಪಿವಟ್‌ಗೆ ‘ಕೀಲು’, ಲಾಕ್‌ಗೆ ‘ಕೀಲಿ’ ಎಂದು ಹಾಕಿದ್ದೆ. ‘ಕೀಲು ಸಡಿಲವಾದರೆ ಕೀಲಿಯನ್ನು ಪರೀಕ್ಷಿಸಿ’ ಎಂಬ ಸಾಲನ್ನು ಓದಿದ ಅಂಗಡಿಯ ಹುಡುಗ, ‘ಅಣ್ಣ, ಇದಕ್ಕೆ ಬೀಗದ ಕೈಯೂ ಬರುತ್ತದೆಯೇ?’ ಎಂದು ಪೊಟ್ಟಣದೊಳಗೆ ತಡಕಿದ. ಪದ ಕೊಡಿ. ವಾಷರ್, ಪ್ಲೇ (ಸಡಿಲವಾದ ಅಲಗಿನ ಅಲ್ಲಾಟ) ಇವೆರಡಕ್ಕೂ ಸಿಕ್ಕರೆ ಉಪಕಾರ.

ತುಮಕೂರಿನಿಂದ:

ಕೀಲು ಸಂಸ್ಕೃತದ ಕೀಲ. ಕೀಲಿಯೂ ಅದೇ ಮನೆಯದು. ಚಾಕು ಪಾರಸಿ. ಒಂದು ಪುಟಕ್ಕೆ ಎಷ್ಟು ಸಾಲ ಮಾಡುತ್ತೀರಿ? ಚಾಕುವಿಗೆ ಮಡಿಗತ್ತಿ, ಪಿವಟ್‌ಗೆ ತಿರುಗಾಣಿ, ಲಾಕ್‌ಬ್ಯಾಕ್‌ಗೆ ಬೆನ್ನಗುಳಿ ಎಂದು ಬರೆಯಿರಿ. ಪ್ಲೇ ಎಂಬುದಕ್ಕೆ ‘ಅಲುಗು’ ಸಾಕು. ವಾಷರ್ ‘ಬಿಲ್ಲೆ’. ಮುಗಿಯಿತು.

ಗೌರಿಬಿದನೂರಿನಿಂದ:

‘ಅಲಗಿನ ಅಲುಗು’ ಎಂದು ಅಚ್ಚಾದರೆ ಓದುವವನು ಅಚ್ಚಿನ ತಪ್ಪು ಎಂದುಕೊಳ್ಳುತ್ತಾನೆ. ಸಾಲದ್ದಕ್ಕೆ ಅಲಗಿಗೆ ಅಲುಗು ಎಂಬ ರೂಪವೂ ಇದೆ.

ಕತ್ತಿ ಎಂಬುದಕ್ಕೆ ಮಾತ್ರ ನನ್ನ ಮತವಿದೆ, ಆದರೆ ಕಾರಣ ಬೇರೆ. ಕ್ಷೌರದವರ ಕೈಯಲ್ಲಿದ್ದ ಮಡಚುವ ಸಾಧನವನ್ನು ನಮ್ಮೂರಿನಲ್ಲಿ ಯಾರೂ ಚಾಕು ಎನ್ನಲಿಲ್ಲ, ಕತ್ತಿ ಎಂದೇ ಕರೆದರು. ಒಂದು ಪಿನ್ನು, ಎರಡು ಹೋಳು ಹಿಡಿ, ಲಾಕ್ ಇಲ್ಲ. ಸಡಿಲವಾದಾಗ ಪಿನ್ನಿನ ತಲೆಯನ್ನು ಸಣ್ಣ ಸುತ್ತಿಗೆಯಿಂದ ಎರಡೇಟು ತಟ್ಟಿ ಬಿಗಿ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಅವರು ಆ ಪಿನ್ನಿಗೆ ಏನೆನ್ನುತ್ತಿದ್ದರು ಎಂದು ಕೇಳಬೇಡಿ. ಪಿನ್ನು ಎನ್ನುತ್ತಿದ್ದರು.

ಬಾಗೇಪಲ್ಲಿಯಿಂದ:

ನಮ್ಮ ಮನೆಮಾತು ತೆಲುಗು, ಓದು ಕನ್ನಡ. ಹಿಡಿಗೆ ನಾವು ಪಿಡಿ ಎನ್ನುತ್ತೇವೆ. ಗಡಿಯ ಈ ತಾಲ್ಲೂಕುಗಳ ರೈತರು ಓದುವ ಸೂಚನೆಯಾದರೆ ಅದನ್ನೂ ಒಮ್ಮೆ ಬಳಸಬಹುದು.

ತುಮಕೂರಿನಿಂದ:

ಅದು ತೆಲುಗು. ಇದು ಕನ್ನಡದ ಪದಪಟ್ಟಿ.

ಬಾಗೇಪಲ್ಲಿಯಿಂದ:

ಸ್ವಾಮಿ, ಹಳಗನ್ನಡದಲ್ಲಿ ಪಿಡಿ ಎಂದೇ ಇತ್ತು. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ನೀವು ಅದನ್ನು ಹಿಡಿ ಮಾಡಿಕೊಂಡಿರಿ. ನಾವು ಇದ್ದಲ್ಲೇ ಇದ್ದೇವೆ. ಸಾಲ ಯಾರು ಯಾರಿಗೆ ಕೊಟ್ಟರು ಎಂಬ ಲೆಕ್ಕವನ್ನು ಪ-ಹ ಬದಲಾವಣೆಗೆ ಮುಂಚಿನಿಂದ ತೆಗೆಯೋಣ, ಬನ್ನಿ.

ಕೋಲಾರದಿಂದ:

ಲೇತ್ ಮುಂದೆ ಬಹಳ ವರ್ಷ ನಿಂತವನು ನಾನು. ವ್ಯಾಕರಣ ನಿಮಗೆ ಬಿಟ್ಟೆ, ವಸ್ತುವಿನ ಬಗ್ಗೆ ಹೇಳುತ್ತೇನೆ.

‘ತಿರುಗಾಣಿ’ ತಪ್ಪು. ಈ ಚಾಕುವಿನಲ್ಲಿ ಪಿನ್ನು ತಿರುಗುವುದಿಲ್ಲ, ತಿರುಗುವುದು ಅಲಗು. ಯಾರಾದರೂ ಮುಂದೆ ‘ತಿರುಗುಣಿ’ ಎಂದು ತಂದರೆ ಅದೂ ಸಲ್ಲ. ಹಳೆಯ ಮರದ ಬಾಗಿಲಿನ ತಿರುಗುಣಿ ಬಾಗಿಲಿನದೇ ಅಂಗ, ಬಾಗಿಲಿನ ಜೊತೆ ತಾನೂ ಕುಳಿಯೊಳಗೆ ತಿರುಗುತ್ತದೆ. ಇನ್ನು ತಿರುಗಾಣಿ ಎಂದು ಓದಿದ ರೈತ ಅದನ್ನು ಸ್ಕ್ರೂ ಎಂದುಕೊಂಡು ತಿರುಪಲು ಹೋಗುತ್ತಾನೆ. ಸ್ಕ್ರೂ ಇರುವ ಮಾದರಿಯಾದರೆ ಸರಿ. ರಿವೆಟ್ ಮಾಡಿದ್ದಾದರೆ? ಈ ಬೆನ್ನಿನ ಲಾಕ್ 1960ರ ದಶಕದಲ್ಲಿ ಬಂದ ಅಮೆರಿಕದ ಬಕ್ 110 ಎಂಬ ಚಾಕುವಿನಿಂದ ಹೆಸರಾಯಿತು. 3¾ ಅಂಗುಲದ ಅಲಗು, ಹಿಡಿಯ ತುದಿಗಳಿಗೆ ಹಿತ್ತಾಳೆ, ತಟ್ಟಿ ಕೂರಿಸಿದ ಪಿನ್ನು. ಅದರಲ್ಲಿ ತಿರುಪಲು ಏನೂ ಇಲ್ಲ.

ಪ್ಲೇ ಒಂದಲ್ಲ, ಎರಡು. ಇದನ್ನು ಬಿಟ್ಟು ಪದ ಹುಡುಕಿದರೆ ಸೂಚನೆ ದಾರಿ ತಪ್ಪಿಸುತ್ತದೆ. ಅಲಗು ಎಡಬಲಕ್ಕೆ ಆಡಿದರೆ ಪಿವಟ್ ಸಡಿಲವಾಗಿದೆ ಅಥವಾ ವಾಷರ್ ಸವೆದಿದೆ. ಸ್ಕ್ರೂ ಇದ್ದರೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಮೇಲೆ ಕೆಳಗೆ ಆಡಿದರೆ ಸಾಮಾನ್ಯವಾಗಿ ಕೊಕ್ಕೆಯೋ ಕಚ್ಚೋ ಸವೆದಿರುತ್ತದೆ, ಇಲ್ಲವೇ ಪಿನ್ನಿನ ತೂತು ಅಗಲವಾಗಿರುತ್ತದೆ. ಅದನ್ನು ಸ್ಕ್ರೂ ಬಿಗಿ ಮಾಡಿ ಸರಿಪಡಿಸಲು ಆಗುವುದಿಲ್ಲ. ಹೊಸ ಲಾಕ್‌ಬ್ಯಾಕ್‌ನಲ್ಲೂ ಕೂದಲೆಳೆಯಷ್ಟು ಮೇಲೆ ಕೆಳಗೆ ಆಡುವುದುಂಟು, ಅದಕ್ಕೆ ಗಾಬರಿ ಬೇಡ.

ವಾಷರ್ ಬಗ್ಗೆ ‘ಬಿಲ್ಲೆ’ ಎಂದು ಮುಗಿಸಿದವರಿಗೆ: ಯಾವ ಬಿಲ್ಲೆ? ಫಾಸ್ಫರ್ ಕಂಚಿನದು ನಿಧಾನ ಸವೆಯುತ್ತದೆ. ಟೆಫ್ಲಾನಿನದು ಮೊದಲ ದಿನದಿಂದಲೇ ನುಣುಪಾಗಿ ಆಡುತ್ತದೆ, ಆದರೆ ಮೆತ್ತಗಿನ ವಸ್ತು, ಬಿಗಿ ಮಾಡಿದಷ್ಟೂ ಹಿಸುಕಿ ತೆಳುವಾಗುತ್ತದೆ. ಕೊಳ್ಳುವವನಿಗೆ ಬೇಕಾದ ಮಾತು ಇದು.

ಇನ್ನೊಂದು ವಿಷಯವನ್ನು ಸೂಚನೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿ. ದ್ರಾಕ್ಷಿ ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿ ಮೈಲುತುತ್ತ ಇರುತ್ತದೆ, ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಎಂದು ಧೈರ್ಯ ಬೇಡ. ಆ ಹೆಸರು ಬರಲು ಉಕ್ಕಿನಲ್ಲಿ ಕನಿಷ್ಠ 10.5 ಪ್ರತಿಶತ ಕ್ರೋಮಿಯಂ ಬೇಕು, ತುಕ್ಕು ತಡೆಯುವ ಅದರ ತೆಳುಪದರ ಉಳಿಯಲು ಗಾಳಿ ಬೇಕು. ಪಿವಟ್ ಸಂದಿನಲ್ಲಿ ಅಂಟು, ಮಣ್ಣು, ನೀರು ಸೇರಿ ಗಾಳಿ ಆಡದಂತಾದರೆ ಅಲಗು ಹೊಳೆಯುತ್ತಿರುವಾಗಲೇ ಒಳಗೆ ತುಕ್ಕು ಹಿಡಿದಿರುತ್ತದೆ. ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಬಿಡಬೇಕು.

ತುಮಕೂರಿನಿಂದ:

ಉಪನ್ಯಾಸಕ್ಕೆ ವಂದನೆ. ತಿರುಗಾಣಿ ಬೇಡವಾದರೆ ಬರೀ ‘ಆಣಿ’ ಎನ್ನಿ. ಅಪ್ಪಟ ನಮ್ಮದು.

ಗೌರಿಬಿದನೂರಿನಿಂದ:

ಅಪ್ಪಟವೇ? ಆಣಿ ಋಗ್ವೇದದಲ್ಲೇ ಇದೆ, ರಥದ ಅಚ್ಚಿನ ಕಡಾಣಿ ಎಂಬ ಅರ್ಥದಲ್ಲಿ. ದ್ರಾವಿಡದಿಂದ ಅಲ್ಲಿಗೆ ಹೋಯಿತೋ ಅಲ್ಲಿಂದ ಇಲ್ಲಿಗೆ ಬಂದಿತೋ ಎಂದು ಪಂಡಿತರು ಜಗಳವಾಡಲಿ. ನಿಮ್ಮ ಬೆನ್ನಗುಳಿಯ ಅಗುಳಿಯ ಪಕ್ಕದಲ್ಲಿ ಸಂಸ್ಕೃತದ ಅರ್ಗಲ ನಿಂತಿರುವುದೂ ನಿಮಗೆ ಕಾಣಲಿಲ್ಲ. ಅದು ಹಾಗಿರಲಿ, ‘ಆಣಿಗೆ ವಾರಕ್ಕೊಮ್ಮೆ ಎಣ್ಣೆ ಹಚ್ಚಿ’ ಎಂದು ಅಚ್ಚು ಹಾಕಿಸಿದರೆ ಅರ್ಧ ಜಿಲ್ಲೆ ಅಂಗಾಲಿಗೆ ಹಚ್ಚಿಕೊಳ್ಳುತ್ತದೆ.

ಧಾರವಾಡದವನು, ಈಗ ಶಿರಾದಲ್ಲಿ:

ಕೀಲಿಯಲ್ಲಿ ತಪ್ಪೇನಿದೆ ಎಂದು ನನಗೆ ತಿಳಿಯಲಿಲ್ಲ. ನಮ್ಮಲ್ಲಿ ಬಾಗಿಲಿಗೆ ಕೀಲಿ ಹಾಕುತ್ತೇವೆ. ಅಂದರೆ ಬೀಗವೇ ಕೀಲಿ. ನಿಮ್ಮ ಕಡೆ ಬೀಗದ ಕೈಯನ್ನು ಕೀಲಿ ಎಂದುಕೊಂಡರೆ ಅದು ನಿಮ್ಮ ತೊಂದರೆ. ಬೀಗ ಎಂದೇ ಬರೆಯುತ್ತೀರಾದರೆ ಎಚ್ಚರ, ‘ಬೀಗರನ್ನು ಒತ್ತಬೇಡಿ’ ಎಂದು ಓದುವವರೂ ಇದ್ದಾರೆ.

ತುಮಕೂರಿನಿಂದ:

ಹೀಗೆ ಎಲ್ಲರೂ ನಗುತ್ತಾ ಪಿನ್ನು, ಸ್ಕ್ರೂ, ವಾಷರ್ ಎಂದು ಒಪ್ಪಿಕೊಂಡೇ ನಾವು ಇಲ್ಲಿಗೆ ಬಂದಿದ್ದೇವೆ. ಹತ್ತು ವರ್ಷ ಬಿಟ್ಟು ‘ಹ್ಯಾಂಡಲ್ ಹೋಲ್ಡ್ ಮಾಡಿ’ ಎಂದು ಬರೆಯುವಾಗ ನನ್ನನ್ನು ನೆನೆಸಿಕೊಳ್ಳಿ.

ಕೋಲಾರದಿಂದ:

ನೆನೆಸಿಕೊಳ್ಳುತ್ತೇನೆ. ಆದರೆ ಬೆರಳು ಉಳಿದಿದ್ದರೆ ತಾನೇ ಬರೆಯುವುದು? ಲಾಕ್ ಕೂರದ ಚಾಕು ಕೈಯ ಮೇಲೇ ಮಡಚುತ್ತದೆ. ಆ ಸಾಲು ಯಾವ ಪದದಲ್ಲಾದರೂ ಇರಲಿ, ಓದಿದ ತಕ್ಷಣ ತಲೆಗೆ ಹತ್ತಬೇಕು.

ಚಿಕ್ಕಬಳ್ಳಾಪುರದಿಂದ:

ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ ಅಂಗಡಿಯಲ್ಲಿ ಅದೇ ಹುಡುಗನ ಕೈಗೆ ಚಾಕು ಕೊಟ್ಟು, ಪದ ಹೇಳದೆ, ‘ಇದೇನು?’ ಎಂದು ಒಂದೊಂದನ್ನೇ ತೋರಿಸಿ ಕೇಳಿದೆ. ಪಿವಟ್‌ಗೆ ‘ಅಲಗಿನ ಪಿನ್ನು’ ಎಂದ. ಬೆನ್ನಿನ ಪಟ್ಟಿಯನ್ನು ಒಂದೆರಡು ಸಲ ಒತ್ತಿ ನೋಡಿ ‘ಚಿಲಕ’ ಎಂದ. ವಾಷರ್‌ಗೆ ವಾಷರ್. ಹಾಗೆಯೇ ಬರೆದೆ:

‘ಅಲಗು ತೆರೆದ ಮೇಲೆ ಚಿಲಕ ಬಿದ್ದ ಸದ್ದು ಕೇಳಬೇಕು. ಚಿಲಕ ಪೂರ್ತಿ ಕೂರದಿದ್ದರೆ ಚಾಕು ಬಳಸಬೇಡಿ. ಅಲಗು ಎಡಬಲಕ್ಕೆ ಅಲ್ಲಾಡಿದರೆ ಪಿನ್ನಿನ ಸ್ಕ್ರೂ ಸ್ವಲ್ಪ ಬಿಗಿ ಮಾಡಿ. ಮೇಲೆ ಕೆಳಗೆ ಹೆಚ್ಚು ಅಲ್ಲಾಡಿದರೆ ಅಂಗಡಿಗೆ ತನ್ನಿ. ಔಷಧಿ ಹೊಡೆದ ತೋಟದಲ್ಲಿ ಬಳಸಿದ ದಿನ ತೊಳೆದು, ಒಣಗಿಸಿ, ಪಿನ್ನಿಗೆ ಒಂದು ಹನಿ ಎಣ್ಣೆ ಬಿಡಿ.’

ಮಡಿಗತ್ತಿಯನ್ನು ಮಾತ್ರ ತಲೆಬರಹಕ್ಕೆ ಇಟ್ಟುಕೊಂಡಿದ್ದೇನೆ. ತುಮಕೂರಿನವರು ಇದನ್ನು ಬಡ್ಡಿ ಎಂದು ತಿಳಿಯಲಿ.

ತುಮಕೂರಿನಿಂದ:

ಚಿಲಕದ ಮೂಲ ನೋಡಿದ್ದೀರಾ?

ಬಾಗೇಪಲ್ಲಿಯಿಂದ:

ಮೂಲ ಗೀಲ ಇರಲಿ, ನಮ್ಮ ಮನೆಯಲ್ಲಿ ಚಿಲಕ ಎಂದರೆ ಗಿಳಿ. ‘ಚಿಲಕ ಪೂರ್ತಿ ಕೂರದಿದ್ದರೆ ಚಾಕು ಬಳಸಬೇಡಿ’ ಎಂದು ನಮ್ಮ ಅಜ್ಜಿಗೆ ಓದಿ ಹೇಳಿದೆ. ಪಾಪದ ಹಕ್ಕಿ, ಅದಕ್ಕೇಕೆ ಚಾಕು ಎಂದು ಕೇಳುತ್ತಿದ್ದಾರೆ.

ಚಿಕ್ಕಬಳ್ಳಾಪುರದಿಂದ:

ಅಚ್ಚಾಗಿ ಹೋಗಿದೆ. ಐನೂರು ಪ್ರತಿ.