ಮಗ ಬರೀ ಗ್ಯಾಂಗ್ ಕಥೆ ಓದುತ್ತಾನೆ, ಬಿಡಬೇಕಾ ಬೇಡವಾ?

ಪ್ರಶ್ನೆ, ಡೊಂಬಿವಲಿಯಿಂದ:
ಮಗನಿಗೆ 14 ವರ್ಷ. ಲೈಬ್ರರಿಯಿಂದ ತರುವುದೆಲ್ಲ ಗ್ಯಾಂಗು, ಚಾಕು, ಸೇಡು ಇರುವ ಇಂಗ್ಲಿಷ್ ಕಾದಂಬರಿಗಳೇ. ನಾಕಾದಲ್ಲಿ ನಿಲ್ಲುವ ದೊಡ್ಡ ಹುಡುಗರ ಹಾಗೆ ಮಾತಾಡುವುದನ್ನೂ ಕಲಿತಿದ್ದಾನೆ. ಪುಸ್ತಕ ಕಿತ್ತುಕೊಳ್ಳಬೇಕಾ? ಇದನ್ನು ದಾಟಿ ಬಂದವರು ಹೇಳಿ.

ಪುಣೆ, ಹಡಪ್ಸರದಿಂದ:
ಅಕ್ಕಾ, ನಾನು ಕಿತ್ತುಕೊಂಡಿದ್ದೆ. ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಆಮೇಲೆ ಅದರಲ್ಲಿ ಅಂಥದ್ದೇನಿದೆ ನೋಡೋಣ ಅಂತ ನಾನೇ ಓದಲು ಕೂತೆ. ಅದು ‘ದಿ ಔಟ್‌ಸೈಡರ್ಸ್’. ಎಸ್. ಇ. ಹಿಂಟನ್ ಅನ್ನುವ ಹುಡುಗಿ, ಅಮೆರಿಕದ ಟಲ್ಸಾ ಊರಿನ ತನ್ನ ಹೈಸ್ಕೂಲಿನಲ್ಲಿ ಬಡ ಹುಡುಗರ ಗುಂಪು, ಶ್ರೀಮಂತ ಹುಡುಗರ ಗುಂಪು ಕಿತ್ತಾಡುವುದನ್ನು ನೋಡಿ ಬರೆದದ್ದು. 1967ರಲ್ಲಿ ಅಚ್ಚಾದಾಗ ಅವಳಿಗೆ 18. ಕಥೆ ಹೇಳುವ ಹುಡುಗನಿಗೂ ನಿಮ್ಮ ಮಗನಷ್ಟೇ ವಯಸ್ಸು. ಅಪ್ಪ ಅಮ್ಮ ಅಪಘಾತದಲ್ಲಿ ಹೋಗಿದ್ದಾರೆ, ದೊಡ್ಡಣ್ಣ ದುಡಿದು ತಮ್ಮಂದಿರನ್ನು ಸಾಕುತ್ತಾನೆ. ಚಾಕು ಇದೆ, ಸಾವೂ ಇದೆ. ಆದರೆ ನನ್ನ ಮನಸ್ಸಲ್ಲಿ ಉಳಿದದ್ದು ಆ ಮಕ್ಕಳ ಭಯ, ಏನಾದರೂ ಹೆಚ್ಚುಕಮ್ಮಿ ಆದರೆ ತಮ್ಮನ್ನು ಬೇರೆ ಬೇರೆ ಮಾಡಿಬಿಡುತ್ತಾರೆ ಅನ್ನುವ ಭಯ. ಮಾರನೆಯ ದಿನ ಪುಸ್ತಕ ಮಗನಿಗೆ ವಾಪಸ್ ಕೊಟ್ಟೆ.

ನನಗೆ ಫೋನಿನದೇ ಜಾಸ್ತಿ ಹೆದರಿಕೆ. ಪುಣೆಯಲ್ಲಿ ಕೊಯ್ತಾ ಗ್ಯಾಂಗ್ ಅಂದರೆ ಎಲ್ಲರಿಗೂ ಗೊತ್ತು. ಕಬ್ಬು ಕಡಿಯುವ ಕತ್ತಿ ಹಿಡಿದು ಮೀಸೆ ಮೂಡದ ಹುಡುಗರು ಬೀದಿಯಲ್ಲಿ ನಿಂತ ಗಾಡಿಗಳನ್ನು ಒಡೆಯುತ್ತಾರೆ, ಕತ್ತಿ ಹಿಡಿದೇ ರೀಲ್ ಮಾಡಿ ಹಾಡು ಹಾಕುತ್ತಾರೆ. ಆ ಅರ್ಧ ನಿಮಿಷದಲ್ಲಿ ಆಸ್ಪತ್ರೆ ಇಲ್ಲ, ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತ ಅಮ್ಮ ಇಲ್ಲ. ಒಳ್ಳೆ ಕಾದಂಬರಿಯಲ್ಲಿ ಮರುದಿನ ಬೆಳಗಾಗುತ್ತದೆ. ಏಟು ತಿಂದವನಿಗೂ ಒಂದು ಹೆಸರು, ಒಂದು ಮನೆ ಇರುತ್ತದೆ. ಅದಿಲ್ಲದೆ ಬರೀ ಬೈಕು, ಜಾಕೆಟ್ಟು, ಭಾಯ್‌ಗಿರಿ ತುಂಬಿದ ಪುಸ್ತಕಗಳೂ ಇವೆ, ಅವನ್ನು ನಾನು ಮನೆಗೆ ತರಿಸುವುದಿಲ್ಲ.

ಠಾಣೆ ಊರಿನಿಂದ, ಟ್ಯೂಷನ್ ಮೇಡಂ:
ಓದು ಅಂದರೆ ಓಡಿಹೋಗುವ ಹುಡುಗರಿಗೆ ನಾನು ಜೇಸನ್ ರೆನಾಲ್ಡ್ಸ್ 2017ರಲ್ಲಿ ಬರೆದ ‘ಲಾಂಗ್ ವೇ ಡೌನ್’ ಕೊಡುತ್ತೇನೆ. 15 ವರ್ಷದ ಹುಡುಗ, ಅಣ್ಣನನ್ನು ಕೊಂದವನನ್ನು ಮುಗಿಸಲು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಲಿಫ್ಟ್ ಹತ್ತುತ್ತಾನೆ. ಲಿಫ್ಟ್ ಕೆಳಗಿಳಿಯುವ ಒಂದು ನಿಮಿಷವೇ ಕಥೆ, ಅದೂ ಪದ್ಯದ ಸಾಲುಗಳಲ್ಲಿ. ಪ್ರತಿ ಮಹಡಿಯಲ್ಲೂ ಗುಂಡೇಟಿಗೆ ಸತ್ತವರೊಬ್ಬರು ಒಳಗೆ ಬರುತ್ತಾರೆ. ಅವನು ಕಲಿತ ನಿಯಮ ಮೂರೇ, ಅಳಬಾರದು, ಬಾಯಿ ಬಿಡಬಾರದು, ಸೇಡು ತೀರಿಸಬೇಕು. ಕೊನೆಗೆ ಅವನು ಹೋದನಾ ಇಲ್ಲವಾ, ಲೇಖಕ ಹೇಳುವುದಿಲ್ಲ. ನಮ್ಮ ಹುಡುಗರು ಅದಕ್ಕಾಗಿ ಒಂದು ಗಂಟೆ ವಾದ ಮಾಡಿದರು, ಯಾವ ಪಾಠಕ್ಕೂ ಅಷ್ಟು ಹೊತ್ತು ಕೂತವರಲ್ಲ.

ಇನ್ನೊಂದು ಮಾತು. ಚಿಕ್ಕವರಿಗೆ ಏನೂ ಆಗಲ್ಲ ಅಂತ ಹುಡುಗರು ನಂಬಿರುತ್ತಾರೆ. ನಮ್ಮ 2015ರ ಬಾಲನ್ಯಾಯ ಕಾನೂನಿನಲ್ಲಿ 16 ತುಂಬಿದವರು ಘೋರ ಅಪರಾಧ ಮಾಡಿದರೆ, ಬಾಲನ್ಯಾಯ ಮಂಡಳಿ ಪರಿಶೀಲಿಸಿ ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು. ಇದನ್ನೂ ಹೇಳಿ.

ಡೊಂಬಿವಲಿಯಿಂದ:
ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ಅಷ್ಟು ಇಂಗ್ಲಿಷ್ ನನ್ನಿಂದ ಆಗುತ್ತಾ?

ಹಡಪ್ಸರದಿಂದ:
ಅವನ ಬಾಯಲ್ಲೇ ಕನ್ನಡದಲ್ಲಿ ಕಥೆ ಹೇಳಿಸಿ ಅಕ್ಕಾ. ಚಪಾತಿ ಲಟ್ಟಿಸುತ್ತಾ ಕೇಳಿ, ಎದುರು ಕೂರಿಸಿಕೊಂಡರೆ ಅವರು ಬಾಯಿ ಬಿಡುವುದಿಲ್ಲ. ನನ್ನ ಮಗ ಹೀಗೇ ಹೇಳುತ್ತಾ ‘ಸ್ನಿಚ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಅಂತ ತಡವರಿಸಿದ. ಚಾಡಿಕೋರ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಬ್ಬನಿಗೆ ಹೊಡೆಯುತ್ತಾರೆ ಅಂತ ಗೊತ್ತಿದ್ದು ಹೇಳಿದರೆ ಅದೂ ಚಾಡಿನಾ ಅಮ್ಮ ಅಂತ ಕೇಳಿದ. ಅವನ ಕ್ಲಾಸಿನ ಒಬ್ಬ ಹುಡುಗನ ವಿಷಯ, ಎರಡು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದು, ಅವತ್ತು ಹೊರಗೆ ಬಂತು.