ತೀರ್ಥಹಳ್ಳಿ–ಶಿವಮೊಗ್ಗ ದಾರಿಗೆ ಯಾವ ಬಣ್ಣದ ಹೆಲ್ಮೆಟ್?

ಕೇಳಿದ್ದು
ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಬೈಕಿನಲ್ಲಿ ಓಡಾಟ, ಒಂದು ಕಡೆಗೆ ಸುಮಾರು 60 ಕಿ.ಮೀ. ಹೊರಡುವುದು ಬೆಳಗ್ಗೆ ಆರೂವರೆಗೆ, ವಾಪಸು ಬರುವಾಗ ಕತ್ತಲು. ಈಗಿರುವುದು ಮ್ಯಾಟ್ ಕಪ್ಪು ಹೆಲ್ಮೆಟ್. ಬಿಳಿ, ಕಿತ್ತಳೆ, ನಿಯಾನ್ ಹಳದಿ, ಇವುಗಳಲ್ಲಿ ಯಾವುದು ಬೇರೆ ಗಾಡಿಯವರ ಕಣ್ಣಿಗೆ ಬೇಗ ಬೀಳುತ್ತದೆ? ಬಣ್ಣದಿಂದ ನಿಜಕ್ಕೂ ಏನಾದರೂ ವ್ಯತ್ಯಾಸ ಆಗುತ್ತದೆಯೇ?

ಉತ್ತರ 1
ಆಗುತ್ತದೆ, ಅಳೆದು ನೋಡಿದವರೂ ಇದ್ದಾರೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 1993ರಿಂದ 1996ರವರೆಗೆ ಅಪಘಾತದಲ್ಲಿ ಗಾಯಗೊಂಡ ಸವಾರರನ್ನು ಅದೇ ಪ್ರದೇಶದ ಇತರ ಸವಾರರ ಜೊತೆ ಹೋಲಿಸಿ ಮಾಡಿದ ಅಧ್ಯಯನ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕಪ್ಪು ಹೆಲ್ಮೆಟ್ಟಿನವರಿಗಿಂತ ಬಿಳಿಯವರಿಗೆ ಅಪಾಯ ಶೇ. 24 ಕಡಿಮೆ. ನಿಯಾನ್ ಅಥವಾ ರಿಫ್ಲೆಕ್ಟರ್ ಉಡುಪಿನವರಿಗೆ ಶೇ. 37, ಹಗಲಲ್ಲೂ ಹೆಡ್‌ಲೈಟ್ ಉರಿಸಿದವರಿಗೆ ಶೇ. 27 ಕಡಿಮೆ. ಬೈಕಿನ ಬಣ್ಣಕ್ಕೂ ಅಪಾಯಕ್ಕೂ ನಂಟು ಕಾಣಲಿಲ್ಲ. ಬಿಳಿ ಆರಿಸುವವರು ಸ್ವಭಾವದಲ್ಲೇ ಜಾಗ್ರತೆಯವರೂ ಇರಬಹುದು, ಹಾಗಾಗಿ ಈ ಅಂಕಿಗಳನ್ನು ನಮ್ಮ ರಸ್ತೆಗೆ ಹಾಗೇ ಅಂಟಿಸಬೇಡಿ. ದಿಕ್ಕು ಮಾತ್ರ ಸರಿ.

2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಹೆಡ್‌ಲೈಟ್ ತಾನಾಗಿ ಉರಿಯುತ್ತದೆ. ಹಳೇ ಗಾಡಿಯಾದರೆ ಹೊರಡುವಾಗಲೇ ಸ್ವಿಚ್ ಹಾಕಿ.

ಉತ್ತರ 2
ಬಣ್ಣದ ಜೊತೆಗೆ ಅದರ ಹಿಂದೆ ಏನಿದೆ ಎಂಬುದನ್ನೂ ನೋಡಬೇಕು. ನಿಮ್ಮ ದಾರಿಯಲ್ಲಿ ಮಂಡಗದ್ದೆ, ಸಕ್ರೆಬೈಲು, ಗಾಜನೂರು ಸಿಗುತ್ತವೆ, ಒಂದು ಮಗ್ಗುಲಿಗೆ ತುಂಗೆ, ಇನ್ನೊಂದಕ್ಕೆ ಕಾಡು. ಮಳೆ ಬಿದ್ದ ಮೇಲಿನ ಎಳೆಹಸಿರಿನ ಮುಂದೆ ನಿಯಾನ್ ಹಳದಿ ಅಂದುಕೊಂಡಷ್ಟು ಎದ್ದು ಕಾಣುವುದಿಲ್ಲ, ಅದರಲ್ಲಿ ಹಸಿರು ಬೆರೆತಿದೆ. ಎಲೆಗಳ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುವ ಕಡೆ ಇನ್ನೂ ಮಸುಕು. ಅಲ್ಲಿ ನಿಯಾನ್ ಕಿತ್ತಳೆಯೇ ಮೇಲು. ಬಿಳಿ ಮರದ ನೆರಳಿನಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಆಗುಂಬೆಯಂಥ ಕಡೆ ಮಂಜು ಕವಿದರೆ ಅದರೊಳಗೇ ಕರಗುತ್ತದೆ.

ಊರು ಬದಲಾದರೆ ಲೆಕ್ಕವೂ ಬದಲು. ಸಂಡೂರಿನ ಕೆಂಧೂಳಿನ ಮುಂದೆ ಕಿತ್ತಳೆ ಮಂಕು, ಚಿತ್ರದುರ್ಗದ ಬೇಸಿಗೆಯ ಒಣಹುಲ್ಲಿನ ಮುಂದೆ ಹಳದಿ ಮಂಕು. ಬಯಲಿನ ಹೆದ್ದಾರಿಯಲ್ಲಿ ಬೆಳ್ಳನೆಯ ಆಕಾಶ ಹಿಂದಿದ್ದರೆ ಬಿಳಿ ಸಪ್ಪೆ.

ಬಣ್ಣ ಯಾವುದೇ ಇರಲಿ, ಒಂದೇ ದೊಡ್ಡ ಹರವಾಗಿರಲಿ. ಹಲ್ಲು, ಬೆಂಕಿ, ಪಟ್ಟೆ ತುಂಬಿದ ಗ್ರಾಫಿಕ್ಸ್ ತಲೆಯ ಗುಂಡಗಿನ ಆಕಾರವನ್ನೇ ಒಡೆದುಬಿಡುತ್ತದೆ. ದೂರದಿಂದ ನೋಡುವವನಿಗೆ ಅಲ್ಲೊಂದು ತಲೆಯಿದೆ ಎಂದು ಹೊಳೆಯುವುದು ಆ ಗುಂಡಗಿನಿಂದಲೇ.

ಉತ್ತರ 3
ಕಿತ್ತಳೆ ಹೆಲ್ಮೆಟ್ಟಿಗೆ ನನ್ನ ಒಪ್ಪಿಗೆ ಇಲ್ಲ. ನಿಮ್ಮ ಪ್ರಯಾಣದ ಅರ್ಧ ಕತ್ತಲಲ್ಲಿದೆ. ನಿಯಾನ್ ಬಣ್ಣಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಬಿಡುತ್ತವೆ. ಅದಕ್ಕೇ ಮುಂಜಾನೆ, ಮುಸ್ಸಂಜೆ, ಮೋಡದ ದಿನ ಅವು ಉರಿದಂತೆ ಕಾಣುವುದು. ವಾಹನದ ದೀಪದಲ್ಲಿ ಆ ಕಿರಣ ಇಲ್ಲವೆನ್ನುವಷ್ಟು ಕಡಿಮೆ, ರಾತ್ರಿ ಅದು ಮಾಮೂಲಿ ಬಣ್ಣ ಅಷ್ಟೇ. ಬೆಳಕು ಕುಂದಿದಾಗ ಕಣ್ಣಿನ ಸೂಕ್ಷ್ಮತೆ 555 ನ್ಯಾನೋಮೀಟರ್ ತರಂಗಾಂತರದ ಹಳದಿಹಸಿರಿನಿಂದ 507ರ ನೀಲಿಹಸಿರಿನತ್ತ ಸರಿಯುತ್ತದೆ. ಆಗ ಕೆಂಪು ಕಪ್ಪಿನ ಹಾಗೆ, ಕಿತ್ತಳೆಯೂ ಮಂಕು. ಬಿಸಿಲಿನಲ್ಲಿ ನಿಲ್ಲಿಸಿದರೆ ನಿಯಾನ್ ಬೇಗ ಮಾಸುತ್ತದೆ ಬೇರೆ. ಹೆಲ್ಮೆಟ್ ಬಿಳಿ ಇರಲಿ, ಕಿತ್ತಳೆ ಮೈಮೇಲೆ ಬರಲಿ. ನಿಯಾನ್ ಕಿತ್ತಳೆ ವೆಸ್ಟ್ ಮಾಸಿದರೆ ಕಡಿಮೆ ದುಡ್ಡಿಗೆ ಬದಲಾಯಿಸಬಹುದು.

ಕೇಳಿದವರು
ಸದ್ಯಕ್ಕೆ ಇರುವ ಕಪ್ಪು ಹೆಲ್ಮೆಟ್ಟಿಗೇ ಸ್ಪ್ರೇ ಪೇಂಟ್ ಹೊಡೆದರೆ ಆಗುವುದಿಲ್ಲವೇ?

ಉತ್ತರ 4
ದಯವಿಟ್ಟು ಬೇಡ. ನಮ್ಮಲ್ಲಿ ಸಿಗುವ ಬಹುಪಾಲು ಹೆಲ್ಮೆಟ್ಟಿನ ಚಿಪ್ಪು ಎಬಿಎಸ್ ಅಥವಾ ಪಾಲಿಕಾರ್ಬೊನೇಟ್. ಪೇಂಟಿನಲ್ಲಿರುವ ಥಿನ್ನರ್ ಈ ಪ್ಲಾಸ್ಟಿಕ್ಕಿನೊಳಗೆ ಇಳಿದು ಕೂದಲೆಳೆಯಂಥ ಬಿರುಕು ಹುಟ್ಟಿಸುತ್ತದೆ. ಮೇಲಿನ ಬಣ್ಣದಿಂದಾಗಿ ಬಿರುಕು ಕಾಣುವುದೂ ಇಲ್ಲ, ಪೆಟ್ಟು ಬಿದ್ದ ದಿನ ಚಿಪ್ಪು ಒಡೆಯುತ್ತದೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದೂ ಇದೇ ಕೆಡುಕು. ಉಗುರುಬೆಚ್ಚನೆಯ ನೀರು, ಎರಡು ಹನಿ ಬೇಬಿ ಶ್ಯಾಂಪೂ ಸಾಕು.

ಕೊಳ್ಳುವಾಗ ಬಣ್ಣಕ್ಕೂ ಮೊದಲು ಐಎಸ್‌ಐ ಗುರುತು, ಹೆಲ್ಮೆಟ್ಟಿನ ಭಾರತೀಯ ಮಾನಕದ ಸಂಖ್ಯೆ ಐಎಸ್ 4151 ನೋಡಿ. ಹುಬ್ಬಿಗಿಂತ ಒಂದಿಂಚು ಮೇಲೆ ಅಳತೆ ಟೇಪು ಸುತ್ತಿ ತಲೆ ಅಳೆಯಿರಿ, 57–58 ಸೆಂ.ಮೀ. ಬಂದರೆ ಹೆಚ್ಚಿನ ಕಂಪನಿಗಳಲ್ಲಿ ಅದು ಮೀಡಿಯಂ. ಬಿಳಿ ಸಿಕ್ಕಿತೆಂದು ಸಡಿಲ ಹೆಲ್ಮೆಟ್ ಹೊತ್ತು ತರಬೇಡಿ. ಮ್ಯಾಟ್ ಬೇಡ, ಹೊಳಪಿನ (ಗ್ಲಾಸಿ) ಫಿನಿಶ್ ತಗೊಳ್ಳಿ: ಕೆಸರು ಸುಲಭವಾಗಿ ಹೋಗುತ್ತದೆ, ರಾತ್ರಿ ಹೊಳೆಯಲೆಂದು ಅಂಟಿಸುವ ರಿಫ್ಲೆಕ್ಟರ್ ಟೇಪು ಗಟ್ಟಿಯಾಗಿ ಕೂರುತ್ತದೆ.

ಉತ್ತರ 5
ಟೇಪಿನ ವಿಷಯ ಬಂತಲ್ಲ, ರಾತ್ರಿಯ ಕೆಲಸವೆಲ್ಲ ಅದರದ್ದೇ. ಲಾರಿಗಳ ಮೇಲೆ ಕಾಣುವ ಜೇನುಗೂಡಿನ ವಿನ್ಯಾಸದ ಟೇಪು ತುಂಬಾ ಪ್ರಖರ, ಆದರೆ ಬಿರುಸು. ಹೆಲ್ಮೆಟ್ಟಿನ ಉಬ್ಬಿನ ಮೇಲೆ ಅಂಚು ಏಳುತ್ತದೆ, ಒಳಗೆ ನೀರು ಸೇರಿ ಹೊಳಪು ಹೋಗುತ್ತದೆ. ಹೆಲ್ಮೆಟ್ಟಿಗೆ ಗಾಜಿನ ಮಣಿ ಹುದುಗಿಸಿದ ಮೆತ್ತನೆಯ, ಒತ್ತಿದರೆ ಅಂಟುವ ಟೇಪು ಸರಿ. ಅಗಲ 2.5 ಸೆಂ.ಮೀ., ಉದ್ದ ನಾಲ್ಕೈದು ಸೆಂ.ಮೀ.ನ ತುಂಡುಗಳಾಗಿ ಕತ್ತರಿಸಿ. ಒಂದೇ ಉದ್ದದ ಪಟ್ಟಿ ಸುಕ್ಕುಗಟ್ಟುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ. ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಡುವಿನಿಂದ ಅಂಚಿಗೆ ಹೆಬ್ಬೆರಳಿನಲ್ಲಿ ಒತ್ತಿ. ಒಂದು ದಿನ ಮಳೆಗೆ ಒಡ್ಡಬೇಡಿ. ಹಿಂದೆ ಮೂರು ತುಂಡು, ಎರಡೂ ಪಕ್ಕಕ್ಕೆ ಎರಡೆರಡು, ಮುಂದೆ ಒಂದು. ಬಿಳಿ ಟೇಪು ಕೆಂಪಿಗಿಂತ ಹೆಚ್ಚು ಬೆಳಕು ಮರಳಿಸುತ್ತದೆ. ಐಎಸ್‌ಐ ಗುರುತಿನ ಮೇಲೆ ಅಂಟಿಸಬೇಡಿ.

ಇದಕ್ಕೂ ಒಂದು ಮಿತಿ ಇದೆ. ಕಾರಿನ ಡಿಪ್ ಬೆಳಕು ಕೆಳಮುಖ, ತಲೆಯ ಎತ್ತರಕ್ಕೆ ಬರುವುದು ಚೆಲ್ಲಿದ ಬೆಳಕು ಮಾತ್ರ. ಆದ್ದರಿಂದ ಮಡ್‌ಗಾರ್ಡ್, ಬೂಟಿನ ಹಿಮ್ಮಡಿ ಮುಂತಾದ ತಗ್ಗಿನ ಜಾಗಗಳಿಗೂ ಟೇಪು ಬೇಕು. ಅಡ್ಡರಸ್ತೆಯಲ್ಲಿ ನಿಂತ ಕಾರಿನ ದೀಪವಂತೂ ನಿಮ್ಮ ಮೇಲೆ ಬೀಳುವುದೇ ಇಲ್ಲ. ಅಲ್ಲಿ ನಿಮ್ಮ ಹೆಡ್‌ಲೈಟೇ ಗತಿ, ಅದರ ಗಾಜಿನ ಕೆಸರು ದಿನಾ ಒರೆಸಿ.

ಉತ್ತರ 6
ಎಲ್ಲರೂ ಬಿಟ್ಟ ಒಂದು ಮಾತು: ಹಿಂದೆ ಯಾರಾದರೂ ಕೂತರೆ ನಿಮ್ಮ ಹೆಲ್ಮೆಟ್ ಹಿಂದಿನ ಗಾಡಿಗೆ ಕಾಣುವುದಿಲ್ಲ, ಕಾಣುವುದು ಅವರದ್ದು. ಹಿಂಬದಿಯವರ ಹೆಲ್ಮೆಟ್ಟೂ ಬಿಳಿ ಇರಲಿ, ಟೇಪು ಅದಕ್ಕೂ ಹಚ್ಚಿ. ಬ್ಯಾಗು ಹಾಕಿದರೆ ವೆಸ್ಟಿನ ಬೆನ್ನು ಮುಚ್ಚಿಹೋಗುತ್ತದೆ, ಬ್ಯಾಗಿನ ಮೇಲೆ ಕಿತ್ತಳೆ ಕವರ್ ಹಾಕಿ. ಮಳೆಗಾಲದಲ್ಲಿ ಪಾಂಚೋ (ತಲೆಯ ಮೇಲಿಂದ ಹೊದೆಯುವ ಸಡಿಲ ಮಳೆಯಂಗಿ) ಗಾಳಿಗೆ ಇಳಿದು ಟೈಲ್‌ಲೈಟನ್ನೇ ಮುಚ್ಚುತ್ತದೆ, ಅದರ ಬದಲು ಪ್ಯಾಂಟು–ಜಾಕೆಟ್ ಸೆಟ್ ಕೊಳ್ಳಿ. ಕತ್ತಲಲ್ಲಿ ಕಪ್ಪು ವೈಸರ್ ಬೇಡ.

ಎಲ್ಲ ಹಚ್ಚಿದ ಮೇಲೆ ಒಂದು ಸಂಜೆ ಪರೀಕ್ಷಿಸಿ. ವಾಹನ ಓಡಾಡದ ಮೈದಾನದಲ್ಲಿ ಹೆಲ್ಮೆಟ್, ಜಾಕೆಟ್, ಬ್ಯಾಗು ಸಮೇತ ಬೈಕ್ ಮೇಲೆ ಕೂತು, ಗೆಳೆಯರೊಬ್ಬರಿಗೆ 50 ಮೀಟರ್, ಆಮೇಲೆ 100 ಮೀಟರ್ ದೂರದಿಂದ ಕಾರಿನ ಡಿಪ್ ಲೈಟಿನಲ್ಲಿ ನೋಡಲು ಹೇಳಿ. ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ ನೋಡಲಿ. ಎಲ್ಲಿ ಕಪ್ಪಗೆ ಕಂಡಿತೋ ಅಲ್ಲಿ ಇನ್ನೊಂದು ತುಂಡು ಟೇಪು ಹಚ್ಚಿ.