ವಿಂಡೋಸ್‌ನಲ್ಲಿ ಓಡುವ ಫೋಟೋ ಪ್ರೋಗ್ರಾಮ್ ಲಿನಕ್ಸ್‌ನಲ್ಲಿ 'ಫೈಲ್ ಸಿಗಲಿಲ್ಲ' ಅಂತಿದೆ, ಫೈಲ್ ಅಲ್ಲೇ ಇದೆ!

ಗುಬ್ಬಿಗೂಡು

ಎರಡು ದಿನದಿಂದ ತಲೆ ಕೆಟ್ಟುಹೋಗಿದೆ, ಯಾರಾದರೂ ಸ್ವಲ್ಪ ನೋಡಿ. ಹಕ್ಕಿ ಫೋಟೋಗಳನ್ನು ಜೋಡಿಸಿಡೋಕೆ ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಮ್ ಬರೆದುಕೊಂಡಿದ್ದೇನೆ. ಫೋಲ್ಡರ್‌ಗಳನ್ನೆಲ್ಲ ಜಾಲಾಡಿ ಪ್ರತಿ ಫೋಟೋದ ಪಾತ್ ಅನ್ನು (ಯಾವ ಫೋಲ್ಡರೊಳಗೆ ಯಾವ ಫೈಲ್ ಅನ್ನೋ ವಿಳಾಸ) ಒಂದು ಜೇಸನ್ ಫೈಲಿಗೆ (ಡೇಟಾ ಇಡುವ ಸರಳ ಪಠ್ಯ ಫೈಲ್) ಬರೆಯುತ್ತದೆ, ಆಮೇಲೆ ಆ ಪಟ್ಟಿ ಓದಿ ಚಿಕ್ಕ ಸೈಜಿನ ಪ್ರತಿ ಮಾಡುತ್ತದೆ. ಮೂಲ ಫೋಟೋ ಸಿಗದಿದ್ದರೆ ಅದರ ಜಾಗದಲ್ಲಿ ಒಂದು ಬೂದು ಬಣ್ಣದ ಖಾಲಿ ಚಿತ್ರ ಇಡುತ್ತದೆ.

ವಿಂಡೋಸ್‌ನಲ್ಲಿ ಒಂದು ವರ್ಷದಿಂದ ತಕರಾರಿಲ್ಲದೆ ಓಡಿದೆ. ಮೊನ್ನೆ ಇಡೀ ಫೋಲ್ಡರನ್ನು ಜೇಸನ್ ಸಮೇತ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿದೆ. ಎಲ್ಲವೂ ಬೂದು. ಒಂದಾದರೂ ಫೋಟೋ ಬರಬೇಕಲ್ವಾ?

ಜೇಸನ್‌ನ ಒಂದು ಸಾಲು:

"ಕೆರೆ\\ಮಿಂಚುಳ್ಳಿ\\12.ಜೆಪಿಜಿ"

ಎರಡೆರಡು ಸ್ಲ್ಯಾಶ್ ಯಾಕೆ ಬಂತೋ ಅದೂ ಗೊತ್ತಿಲ್ಲ, ನಾನಂತೂ ಹಾಕಿಲ್ಲ.

ಓಡಿದ್ರೆಸಾಕು

ಪಾತ್ ಸೆಪರೇಟರ್ (ಫೋಲ್ಡರ್ ಹೆಸರುಗಳ ನಡುವಿನ ಗೆರೆ) ಸಮಸ್ಯೆ ಅಷ್ಟೆ, ವಿಂಡೋಸ್‌ನಲ್ಲಿ ಅದು "\", ಲಿನಕ್ಸ್‌ನಲ್ಲಿ "/". ಓದಿದ ಮೇಲೆ ಒಂದು ಸಾಲು ಸೇರಿಸಿ, ಮುಗೀತು:

ಪಾತ್ = ಪಾತ್.ರಿಪ್ಲೇಸ್(ಓಎಸ್.ಸೆಪ್, "/")

ಗುಬ್ಬಿಗೂಡು

ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ, ಅದೇ ಬೂದು. ಆದರೆ ಒಂದು ವಿಚಿತ್ರ ಕಂಡಿತು. ಚಿಕ್ಕ ಪ್ರತಿಗಳ ಫೋಲ್ಡರಿನಲ್ಲಿ 'ಕೆರೆ' ಅನ್ನೋ ಒಳಫೋಲ್ಡರೇ ಹುಟ್ಟಿಲ್ಲ. ಟರ್ಮಿನಲ್‌ನಲ್ಲಿ ಪಟ್ಟಿ ತೆಗೆದರೆ ಎಲ್ಲ ಫೈಲೂ ಒಂದೇ ಕಡೆ ಸಾಲಾಗಿ ಬಿದ್ದಿವೆ, ಹೆಸರಿನ ಸುತ್ತ ಒಂಟಿ ಕೋಟ್ ಬೇರೆ ಇದೆ, ಹೀಗೆ:

'ಕೆರೆ\ಮಿಂಚುಳ್ಳಿ\12.ಜೆಪಿಜಿ'

ಹಳೇಡಾಸ್

ಆ ಒಂಟಿ ಕೋಟ್‌ನಲ್ಲೇ ಉತ್ತರ ಇದೆ. ಅದು ಮೂರು ಹಂತದ ಪಾತ್ ಅಲ್ಲ, ಒಂದೇ ಒಂದು ಫೈಲಿನ ಹೆಸರು. ಲಿನಕ್ಸ್‌ನಲ್ಲಿ ಫೈಲ್ ಹೆಸರಿನೊಳಗೆ ಬರಬಾರದ್ದು ಎರಡೇ: "/" ಮತ್ತು ಸೊನ್ನೆ ಬೈಟ್. "\" ಅಲ್ಲಿ ಬೇರೆ ಯಾವುದೇ ಅಕ್ಷರದ ಹಾಗೆ ಒಂದು ಅಕ್ಷರ, ಅಷ್ಟೇ. ಹಾಗಾಗಿ 'ಕೆರೆ' ಫೋಲ್ಡರೊಳಗೆ ಹೋಗುವ ಪ್ರಶ್ನೆಯೇ ಬರಲಿಲ್ಲ. ಆ ಉದ್ದ ಹೆಸರಿನ ಫೈಲನ್ನೇ ಹುಡುಕಿತು, ಸಿಗಲಿಲ್ಲ, ಅದೇ ಉದ್ದ ಹೆಸರಿನಲ್ಲಿ ಬೂದು ಚಿತ್ರ ಬರೆದಿಟ್ಟಿತು.

ಮೇಲಿನ ರಿಪ್ಲೇಸ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಓಎಸ್.ಸೆಪ್ ಅನ್ನೋದು ಈಗ ಪ್ರೋಗ್ರಾಮ್ ಓಡುತ್ತಿರುವ ಮೆಷಿನ್ನಿನ ಸೆಪರೇಟರ್. ಪಟ್ಟಿ ಬರೆದ ಮೆಷಿನ್ನಿನದ್ದಲ್ಲ. ಲಿನಕ್ಸ್‌ನಲ್ಲಿ ಅದು "/". ನೀವು "/" ತೆಗೆದು "/" ಹಾಕಿದಿರಿ. ಈ ಗುಂಡಿಗೆ ನಾನೂ ಬಿದ್ದಿದ್ದೇನೆ, ಅದೂ ಎರಡು ಸಲ.

ಎರಡೆರಡು ಸ್ಲ್ಯಾಶ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಜೇಸನ್‌ನಲ್ಲಿ "\" ಎಸ್ಕೇಪ್ ಚಿಹ್ನೆ (ಮುಂದಿನ ಅಕ್ಷರಕ್ಕೆ ವಿಶೇಷ ಅರ್ಥ ಕೊಡುವ ಗುರುತು), ಒಂದನ್ನು ಬರೆಯೋಕೆ ಎರಡು ಹಾಕಲೇಬೇಕು. ಓದಿದಾಗ ಮೆಮೊರಿಯಲ್ಲಿ ಒಂದೇ ಇರುತ್ತದೆ.

ಈಗಿರುವ ಪಟ್ಟಿಗೆ ಹೀಗೆ ಮಾಡಿ:

ಪಾತ್ = ಪ್ಯೂರ್‌ವಿಂಡೋಸ್‌ಪಾತ್(ಸಾಲು).ಆಸ್_ಪೋಸಿಕ್ಸ್()

ಇದು ಪೈಥಾನ್ ಜೊತೆಗೇ ಬರುವ ಪಾತ್‌ಲಿಬ್‌ನಲ್ಲಿದೆ. ಯಾವ ಸಿಸ್ಟಮ್ಮಿನಲ್ಲಿ ಓಡಿಸಿದರೂ ಸಾಲನ್ನು ವಿಂಡೋಸ್ ಕಣ್ಣಿನಿಂದಲೇ ಓದುತ್ತದೆ, ಆಸ್_ಪೋಸಿಕ್ಸ್ ಅದನ್ನು "/" ರೂಪಕ್ಕೆ ತರುತ್ತದೆ, ಡಿಸ್ಕ್ ಮುಟ್ಟುವುದಿಲ್ಲ. ಒಂದು ಸಲ ಓಡಿಸಿ ಜೇಸನ್ನೇ ಬದಲಾಯಿಸಿಬಿಡಿ. ಅದಕ್ಕಿಂತ ಮುಖ್ಯ, ಪಟ್ಟಿ ಬರೆಯುವ ಜಾಗದಲ್ಲೂ ಆಸ್_ಪೋಸಿಕ್ಸ್ ಹಾಕಿ, ಇಲ್ಲದಿದ್ದರೆ ಮುಂದಿನ ಸಲ ವಿಂಡೋಸ್‌ನಲ್ಲಿ ಫೋಟೋ ಸೇರಿಸಿದ ಕೂಡಲೇ "\" ವಾಪಸ್ ಬರುತ್ತದೆ. ಫೈಲಿನಲ್ಲಿ, ಡೇಟಾಬೇಸ್‌ನಲ್ಲಿ, ನೆಟ್‌ವರ್ಕ್ ಮೇಲೆ ಯಾವಾಗಲೂ "/" ಇರಲಿ. ಸಿಸ್ಟಮ್ಮಿಗೆ ಫೈಲ್ ತೆರೆ ಅಂತ ಹೇಳುವ ಕೊನೇ ಹೆಜ್ಜೆಯಲ್ಲಿ ಮಾತ್ರ ಪಾತ್ ಆಬ್ಜೆಕ್ಟ್ ಮಾಡಿಕೊಳ್ಳಿ. ಕೋಡಿನ ಆವೃತ್ತಿಗಳನ್ನು ಇಟ್ಟುಕೊಳ್ಳುವ ಗಿಟ್ ಕೂಡ ತನ್ನ ಇಂಡೆಕ್ಸ್‌ನಲ್ಲಿ (ಫೈಲುಗಳ ಪಟ್ಟಿ) ವಿಂಡೋಸ್ ಮೇಲೂ "/" ಅನ್ನೇ ಇಟ್ಟುಕೊಳ್ಳುತ್ತದೆ.

ಓಡಿದ್ರೆಸಾಕು

ನನ್ನದು ತಪ್ಪಾಯ್ತು 😀 ಆದರೆ ನೇರವಾಗಿ "\" ಹುಡುಕಿ "/" ಹಾಕಿದರೂ ಸಾಕಲ್ವಾ? ಇಷ್ಟಕ್ಕೆ ಕ್ಲಾಸ್ ಯಾಕೆ?

ಹಳೇಡಾಸ್

ಈ ಪಟ್ಟಿಗೆ ಸಾಕು, ಇದು ಬಂದಿರೋದೇ ವಿಂಡೋಸ್‌ನಿಂದ. ಆದರೆ ಆ ಸಾಲನ್ನು ಪ್ರೋಗ್ರಾಮಿನಲ್ಲಿ ಖಾಯಂ ಬಿಟ್ಟರೆ, ನಾಳೆ ಲಿನಕ್ಸ್‌ನಲ್ಲಿ ನಿಜವಾಗಿಯೂ ಹೆಸರಿನಲ್ಲಿ "\" ಇರುವ ಫೈಲ್ ಬಂದಾಗ ಅದನ್ನು ಮುರಿದುಹಾಕುತ್ತದೆ. ಅಪರೂಪ, ಆದರೆ ಬಂದಾಗ ಹಿಡಿಯೋದು ಕಷ್ಟ. ಎಲ್ಲಿಂದ ಬಂದ ಪಾತ್ ಅಂತ ಗೊತ್ತಿದ್ದು ಬದಲಾಯಿಸೋದು ಬೇರೆ, ಕಂಡ ಕಂಡ ಸ್ಲ್ಯಾಶನ್ನೆಲ್ಲ ತಿರುಗಿಸೋದು ಬೇರೆ.

ಮಿಣುಕುಹುಳ

ನಡುವೆ ಬಾಯಿ ಹಾಕ್ತಿದ್ದೇನೆ. ವಿಂಡೋಸ್‌ಗೆ ಮಾತ್ರ ಈ ಉಲ್ಟಾ ಗೆರೆ ಯಾಕೆ?

ಹಳೇಡಾಸ್

ನನ್ನ ಹೆಸರು ನೋಡಿ ಕೇಳಿದ್ದೀರಿ ಅಂದುಕೊಳ್ಳುತ್ತೇನೆ. ವಿಂಡೋಸ್‌ಗಿಂತ ಮುಂಚಿನ ಎಂಎಸ್-ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರ್‌ಗಳೇ ಇರಲಿಲ್ಲ. ಕಮಾಂಡುಗಳಿಗೆ ಆಯ್ಕೆ ಕೊಡೋಕೆ "/" ಬಳಸುತ್ತಿದ್ದರು. 1983ರಲ್ಲಿ 2.0 ಬಂದಾಗ ಫೋಲ್ಡರ್ ಬಂತು, ಆದರೆ "/" ಆಗಲೇ ಖರ್ಚಾಗಿತ್ತು, "\" ಹಿಡಿದರು. ತಮಾಷೆ ಏನೆಂದರೆ ಇವತ್ತಿಗೂ ವಿಂಡೋಸ್‌ನಲ್ಲಿ ಫೈಲ್ ತೆರೆಯುವ ಹೆಚ್ಚಿನ ಕರೆಗಳು "/" ಕೊಟ್ಟರೂ ಒಪ್ಪಿಕೊಳ್ಳುತ್ತವೆ. ತಕರಾರು ಮಾಡುವುದು ಹಳೇ ಕಮಾಂಡ್ ಪ್ರಾಂಪ್ಟ್ ಥರದವು, ಅವು "/" ಕಂಡರೆ ಆಯ್ಕೆ ಅಂದುಕೊಳ್ಳುತ್ತವೆ. ಮತ್ತೆ "\\?\" ಇಂದ ಶುರುವಾಗುವ ಉದ್ದ ಪಾತ್‌ಗಳಲ್ಲಿ "/" ನಡೆಯೋದಿಲ್ಲ.

ಮಿಣುಕುಹುಳ

ಓಹ್, ಹಾಗಾದರೆ ನನ್ನ ಜಿಪ್ ಕಥೆಯೂ ಇದೇ ಇರಬೇಕು. ಒಬ್ಬರು ಕಳಿಸಿದ ಜಿಪ್ ಬಿಚ್ಚಿದರೆ ಮ್ಯಾಕ್‌ನಲ್ಲಿ ಫೋಲ್ಡರ್ ಇಲ್ಲ, ಎಲ್ಲ ಫೈಲ್ ಒಂದೇ ರಾಶಿ, ಹೆಸರಲ್ಲಿ "\".

ಹಳೇಡಾಸ್

ಹೌದು, ಅದೇ ಕಾಯಿಲೆ. ಜಿಪ್ ನಿಯಮದ ಪ್ರಕಾರ ಒಳಗೆ "/" ಮಾತ್ರ ಇರಬೇಕು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಫ್ರೇಮ್‌ವರ್ಕ್ 4.6.1ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಒಂದು ಫೋಲ್ಡರನ್ನು ಜಿಪ್ ಮಾಡಿದರೆ "\" ಬರುತ್ತಿತ್ತು, ಆಮೇಲೆ ಸರಿಮಾಡಿದರು. ಅಂಥ ಯಾವುದೋ ಹಳೇ ಟೂಲಿನಿಂದ ಮಾಡಿರಬಹುದು. ಪೈಥಾನ್‌ನ ಜಿಪ್‌ಫೈಲ್ ಬಳಸಿದರೆ ಅದು ತಾನಾಗಿಯೇ "/" ಮಾಡಿಕೊಳ್ಳುತ್ತದೆ.

ಗುಬ್ಬಿಗೂಡು

ಬಂತು ಬಂತು!! ಪ್ಯೂರ್‌ವಿಂಡೋಸ್‌ಪಾತ್ ಹಾಕಿ ಪಟ್ಟಿ ಹೊಸದಾಗಿ ಬರೆದೆ, ಮಿಂಚುಳ್ಳಿ ಕಣ್ಣೆದುರಿಗೆ ಬಂದು ಕೂತಿದೆ. ಇದೇ ಜೇಸನ್ನನ್ನು ವಿಂಡೋಸ್‌ಗೆ ತೆಗೆದುಕೊಂಡು ಹೋಗಿ ನೋಡಿದೆ, ಅಲ್ಲೂ ಓಡಿತು. ಆದರೆ ಲಿನಕ್ಸ್‌ನಲ್ಲಿ ಇನ್ನೂ 3 ಮಾತ್ರ ಬೂದು. ಆ 3 ಸಾಲು ಮುಖಪುಟಕ್ಕೆ ಅಂತ ನಾನೇ ಕೈಯಲ್ಲಿ ಟೈಪ್ ಮಾಡಿದ್ದು. ಸ್ಲ್ಯಾಶ್ ಎಲ್ಲ ಸರಿ ಇದೆ.

ಹಳೇಡಾಸ್

ಕ್ಯಾಮೆರಾ ಕೊಟ್ಟ ಹೆಸರು ದೊಡ್ಡಕ್ಷರದಲ್ಲಿದೆಯಾ ನೋಡಿ. ಕೊನೆಯ ಜೆಪಿಜಿ ಕ್ಯಾಪಿಟಲ್, ನೀವು ಟೈಪ್ ಮಾಡಿದ್ದು ಸ್ಮಾಲ್? ವಿಂಡೋಸ್‌ಗೂ, ಮಾಮೂಲಿ ಸೆಟ್ಟಿಂಗ್‌ನ ಮ್ಯಾಕ್‌ಗೂ ಎರಡೂ ಒಂದೇ. ಲಿನಕ್ಸ್‌ಗೆ ಅವು ಎರಡು ಬೇರೆ ಫೈಲ್.

ಗುಬ್ಬಿಗೂಡು

ಅದೇ! ಮೂರಕ್ಕೂ ಅದೇ. ಹೆಸರು ಸರಿಮಾಡಿದೆ, ಬಂತು. ಕೊನೇ ಪ್ರಶ್ನೆ, ಆ "\" ಇರುವ ಬೂದು ಫೈಲುಗಳನ್ನು ಅಳಿಸೋದು ಹೇಗೆ? ಟರ್ಮಿನಲ್‌ನಲ್ಲಿ ಹೆಸರು ಟೈಪ್ ಮಾಡಿದರೆ ಅಂಥ ಫೈಲೇ ಇಲ್ಲ ಅಂತಿದೆ.

ಹಳೇಡಾಸ್

ಕೋಟ್ ಹಾಕದೆ ಟೈಪ್ ಮಾಡಿದರೆ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದುವ ಪ್ರೋಗ್ರಾಮ್) "\" ಅನ್ನು ನುಂಗಿಬಿಡುತ್ತದೆ. ಪಟ್ಟಿಯಲ್ಲಿ ಕಂಡ ಹಾಗೆಯೇ ಒಂಟಿ ಕೋಟ್ ಸಮೇತ ಕೊಡಿ. ಜಾಸ್ತಿ ಇದ್ದರೆ ಪೈಥಾನ್‌ನಲ್ಲೇ ಆ ಫೋಲ್ಡರಿನ ಮೇಲೆ ಒಂದು ಲೂಪ್ ಹಾಕಿ, ಹೆಸರಿನಲ್ಲಿ "\" ಇದ್ದರೆ ಅಳಿಸಿ. ಮೊದಲ ಸಲ ಅಳಿಸಬೇಡಿ, ಹೆಸರು ಪ್ರಿಂಟ್ ಮಾಡಿಸಿ ಕಣ್ಣಾಡಿಸಿ.

ಗುಬ್ಬಿಗೂಡು

ಪ್ರಿಂಟ್ ಮಾಡಿಸಿದೆ, 640 ಬಂತು, ಎಲ್ಲವೂ ಬೂದೇ. ಅಳಿಸಿದೆ. ಥ್ಯಾಂಕ್ಸ್ ಹಳೇಡಾಸ್ ಅವರೇ. ಬೂದು ಚಿತ್ರ ಇಡುವ ಸಾಲನ್ನೂ ತೆಗೆದುಬಿಟ್ಟೆ, ಇನ್ಮೇಲೆ ಫೋಟೋ ಸಿಗದಿದ್ದರೆ ಪ್ರೋಗ್ರಾಮ್ ಅಲ್ಲೇ ನಿಂತು ಯಾವ ಪಾತ್ ಸಿಗಲಿಲ್ಲ ಅಂತ ಹೇಳುತ್ತದೆ.